ಸೀಟಿ ತಗದ ಕುಕ್ಕರ

ಮೊದಲ ಸೀಟಿ ತಗದಿಡಬೇಕು.
ಕೊರಳಾಗಿಂದು, ನಂದು.
ಆಮ್ಯಾಲ ಕುಕ್ಕರಿಂದು.
ಎರಡೂ ಕಿಡಕ್ಯಾಗ ಬಾಜೂಬಾಜೂ ಕುಂತಾವು,
ಡ್ಯೂಟಿ ಮುಗಿಸಿದ ಇಬ್ಬರು ಕುಂತಂಗ,
ಮಾತಿಲ್ಲ.

ರಾತ್ರಿ ಎಂಟೂವರಿ. ಬೆಟಗೇರಿ.
ಗ್ವಾಡಿ ಆ ಕಡೆ ಮಗ್ಗ ನಡದೈತಿ,
ಖಟಕ್ ಖಟಕ್,
ಯಾರದೋ ಮದಿವಿ ಸೀರಿ ಇನ್ನೂ ಸೆರಗಿಗೆ ಬಂದಿಲ್ಲ.
ಅಂಗೈ ಮೂಸಿದ್ರ ಇನ್ನೂ ಚಿಲ್ಲರಿ ವಾಸನಿ.
ಎರಡು ಸರತಿ ಸಾಬಾಣ ಹಚ್ಚೇನಿ.
ರೊಕ್ಕ ಕಟ್ಟಿ ಬಂದ್ರೂ ರೊಕ್ಕದ ವಾಸನಿ
ಕಟ್ಟಿಸಿಕೊಳ್ಳಾವ್ರು ಯಾರಿಲ್ಲ.

ಚಿರೋಟಿ ರವಾ ಒಂದು ವಾಟಗಾ,
ಸಕ್ಕರಿ ಮುಕ್ಕಾಲು,
ಮೊಸರು ಒಂದು, ಎಣ್ಣಿ ಅರ್ಧಕ್ಕ ಚೂರು ಕಡಿಮಿ.
ತತ್ತಿ ಇಲ್ಲ.
ಮನಿ ಮಾಲಕರು ನೀಲಾಂಬಿಕಕ್ಕ ಮೊದಲನೇ ದಿನಾನ ಹೇಳ್ಯಾರ:
"ಏನರ ಮಾಡ್ಕೊ ತಂಗಿ, ತತ್ತಿ ಒಂದು ಹೊಸ್ತಿಲಾ ದಾಟಬಾರದು."
ದಾಟಿಲ್ಲ.
ಬಡಪಾಯಿ ಮೊಸರಿಗೇ ಎಲ್ಲಾ ಭಾರ.
ಚಿಟಿಕಿ ಸೋಡಾ ಬಿದ್ದ ಕೂಡಲೆ
ಬುಸ್ ಅಂತ ಮ್ಯಾಲೆದ್ದು ಬರತೈತಿ,
ಇಡೀ ದಿನ ಬಾಯಿ ಮುಚ್ಚಿಕೊಂಡಾಕಿ
ಮನಿಗೆ ಬಂದು ಉಸಿರು ಬಿಟ್ಟಂಗ.

ಒಂದ ದಿಕ್ಕಿಗೆ ತಿರುವಬೇಕು, ಹಗೂರಕ.
ಕಲಿಸಿದಾಕಿ ಡಿಪೋದಾಗ ಲೆಕ್ಕ ಬರಿಯೂ ಜೈಬುನ್ನಿಸಾ.
"ಸಿಟ್ಟಿದ್ದ ದಿನ ಭಜಿ ಕರಿ,
ಕೇಕಿಗೆ ಕೈ ಹಚ್ಚಬ್ಯಾಡ" ಅಂದಿದ್ಲು.
ಸಿಟ್ಟೈತಿ.
ಆದ್ರೂ ತಿರುವಾಕತ್ತೇನಿ.

ಲಕ್ಷ್ಮೇಶ್ವರ ಗಾಡಿ, ಸಂಜಿ ನಾಕರ ಟ್ರಿಪ್ಪು.
ಐವತ್ತು ಸೀಟಿಗೆ ನೂರಾ ಹನ್ನೊಂದು ಜೀವ,
ಮ್ಯಾಲ ಬುಟ್ಟ್ಯಾಗಿನ ಎರಡು ಕೋಳಿ.
ಕೋಳಿಗೆ ಟಿಕೀಟು ಕೇಳಿದ್ದಕ್ಕ
ಒಬ್ಬಾಕಿ ಅಜ್ಜಿ ನನ್ನ ತವರುಮನಿ ತನಕ ಬೈದು
ಮುಳಗುಂದದಾಗ ಇಳಿಯುಮುಂದ
ಕೈಯಾಗ ಎರಡು ಬಾರಿಹಣ್ಣು ಇಟ್ಟು ಹ್ವಾದ್ಲು.
ಹರದ ಇಪ್ಪತ್ತರ ನೋಟು ಯಾರು ಕೊಟ್ರೋ.
ಕ್ಯಾಶ್ ಕಟ್ಟುಮುಂದ ಹದಿನೇಳು ರೂಪಾಯಿ ಕಮ್ಮಿ.
ಹದಿನೇಳು ಎಲ್ಲಿ ಇಳದ್ವು?
ಯಾವ ಸ್ಟಾಪಿನ್ಯಾಗ?
ಸೀಟಿ ಹೊಡದಾಕಿ ನಾನಽ.

ಹಿಟ್ಟು ಈಗ ಚಮಚಾದಿಂದ
ಮಡಿಚಿ ಮಡಿಚಿ ಬೀಳಾಕತ್ತು, ರಿಬ್ಬನ್ನಿನಂಗ.
ಹದಿನೇಳು ಅದರಾಗ ಎಲ್ಲೋ ಕರಗಿರಬೇಕು.

ಕುಕ್ಕರ ತಳಕ್ಕ ಉಪ್ಪು, ಉಪ್ಪಿನ ಮ್ಯಾಲ ತಾಟು,
ತಾಟಿನ ಮ್ಯಾಲ ತುಪ್ಪ ಸವರಿದ ಡಬ್ಬಿ.
ರಬ್ಬರ ತಗದು ಮುಚ್ಚಿದೆ.
ಸಣ್ಣ ಉರಿ. ನಲವತ್ತು ಮಿನಿಟು.

ಈ ನಲವತ್ತು ಮಿನಿಟಿನ್ಯಾಗ
ಯಾರೂ ಹತ್ತಂಗಿಲ್ಲ, ಯಾರೂ ಇಳಿಯಂಗಿಲ್ಲ.
"ಅಕ್ಕಾರ, ನಮ್ಮೂರು ಬಂದ್ರ ಎಬ್ಬಸ್ರಿ" ಅಂತ ಹೇಳಿ
ನಿದ್ದಿ ಹೋಗಾವ್ರಿಲ್ಲ.
ನೆಲದ ಮ್ಯಾಲ ಕಾಲು ಚಾಚಿದೆ.
ನೆಲ ಅಳ್ಳಾಡಲಿಲ್ಲ.
ಸ್ವಲ್ಪ ಹೊತ್ತಿನ ಮ್ಯಾಲ
ನನ್ನ ಮೊಳಕಾಲೂ ಅದನ್ನ ನಂಬಿದ್ವು.

ಇಪ್ಪತ್ತೈದಕ್ಕ, ತಡೀಲಾರದ, ಮುಚ್ಚಳ ಎತ್ತಿದೆ.
ತಪ್ಪು. ಗೊತ್ತಿತ್ತು ತಪ್ಪಂತ.
ನಡುವ ತೆಗ್ಗು ಬಿತ್ತು,
ನಮ್ಮ ರೂಟಿನ ರಸ್ತಾದಂಗ.
ಆದ್ರ ಯಾಲಕ್ಕಿ ವಾಸನಿ ಹೊರಗ ಬಿದ್ದು
ಗ್ವಾಡಿ ದಾಟಿ ಹೋತು,
ಆ ಕಡೆ ಮಗ್ಗ ನಿಂತಂಗಾತು.
ಎಳಿ ಹರದಿರಬೇಕು, ಮತ್ತೇನಿಲ್ಲ.
ನಾ ಮಾತ್ರ ವಾಸನಿಗೇ ನಿಂತೈತಿ ಅಂತ
ನನ್ನ ಲೆಕ್ಕದಾಗ ಬರಕೊಂಡೆ.
ಮತ್ತ ಖಟಕ್. ಖಟಕ್.

ಹೊಸಾ ಕಸಬರಿಗಿದ ಒಂದು ಕಡ್ಡಿ ತೊಳದು
ಚುಚ್ಚಿ ನೋಡಿದೆ. ಒಣಗಿ ಬಂತು.
"ಹೋಲ್ಡಾನ್" ಅಂದೆ ಉರಿಗೆ, ಮೆತ್ತಗ.
ನಿಂತಿತು.
ಇವತ್ತು ನನ್ನ ಒಂದ ಮಾತಿಗೆ ನಿಂತದ್ದು
ಇದೊಂದಽ.

ಆರಿದ ಮ್ಯಾಲ ಕೊಯ್ಯಬೇಕಂತ.
ಯಾರು ಕಾಯ್ತಾರ?
ತೆಗ್ಗಿನ ಬಾಜೂಕಿಂದ ಬಳ್ಳಲೆ ಮುರಕೊಂಡು
ನಾಲಿಗಿ ಸುಟ್ಟುಕೊಂಡು ತಿಂದೆ.
ಅಂಗೈ ಮೂಸಿದೆ: ತುಪ್ಪ, ಯಾಲಕ್ಕಿ,
ಅದರ ಹಿಂದ, ಕಡೀ ಸೀಟಿನ್ಯಾಗ, ಚಿಲ್ಲರಿ.
ಇರಲಿ ಬಿಡು. ಅದೂ ಟಿಕೀಟು ತಗೊಂಡೈತಿ.

ಒಂದು ತುಂಡು ತಗದಿಟ್ಟೇನಿ,
ಡ್ರೈವರ ಮಾಬುಸಾಬ ನದಾಫಗ.
ಮುಂಜಾನಿ ಐದೂ ನಲವತ್ತಕ್ಕ, ಎಂಜಿನ್ ಬಿಸಿ ಆಗೂತನಕ,
ತಿಂದು, ಮೀಸಿ ಒರಿಸಿಕೊಂಡು ಅಂತಾನ:
"ಶಿರಾ ಭಾಳ ಗಟ್ಟಿ ಆಗೇತಲ್ರೀ ಬಾಯಾರ."
ನಾ ಏನೂ ಅನ್ನೂದಿಲ್ಲ.
ಕೊರಳಿಗೆ ಸೀಟಿ ಹಾಕ್ಕೊಂಡು
ಬಾಗಲಾ ಎಳಕೋತೇನಿ.